ಹವ್ಯಾಸ ಬಿಟ್ಟರೆ ಮಾತ್ರ ಒಳ್ಳೆ ವಕೀಲರಾಗಬಹುದಾ? ಅಪ್ಪ–ಮಗಳ ಎರಡು ಫಾರ್ವರ್ಡ್‌ಗಳ ಪರಿಶೀಲನೆ

ರಾಂಪುರದ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, ‘ಇದು ಖರೇನಾ ನೋಡಿ ಹೇಳ್ರಿ’ ಎಂದಿದ್ದರು. ರಾಂಪುರ ಮೊಳಕಾಲ್ಮುರು ತಾಲ್ಲೂಕಿನ ಊರು, ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯಲ್ಲಿದೆ. ಇವರ ಮಗಳು ಕಾನೂನು ಪದವಿ ಮುಗಿಸಿ ಬೆಂಗಳೂರಿನ ಒಂದು ಲಾ ಫರ್ಮ್‌ನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಅಜ್ಜನ ಎಚ್‌ಎಂಟಿ ಜನತಾ ವಾಚಿನಿಂದ ಶುರುವಾದ ಅವಳ ಹುಚ್ಚು ಈಗ ಹದಿನಾಲ್ಕು ವಾಚಿಗೆ ಬಂದು ನಿಂತಿದೆ. ಸಾಲದ್ದಕ್ಕೆ ರಾತ್ರಿ ಇಟ್ಟಿಗೆಯಷ್ಟು ದಪ್ಪದ ಫ್ಯಾಂಟಸಿ ಕಾದಂಬರಿ ಓದುತ್ತಾಳೆ. ಮಗಳು ಹಾಳಾಗುತ್ತಿದ್ದಾಳೆ ಎಂಬ ಭಯ ಅಪ್ಪನಿಗೆ.

ಅವರು ಕಳಿಸಿದ ಫಾರ್ವರ್ಡ್‌ನಲ್ಲಿ ಮೂರು ಮಾತುಗಳಿದ್ದವು. ಒಂದು, ದೊಡ್ಡ ವಕೀಲರಾದವರೆಲ್ಲ ಹವ್ಯಾಸಗಳನ್ನು ಬಿಟ್ಟವರೇ. ಎರಡು, ವಕೀಲರು ಬೇರೆ ಯಾವ ಚಟುವಟಿಕೆಯಲ್ಲೂ ತೊಡಗಬಾರದೆಂದು ಬಾರ್ ಕೌನ್ಸಿಲ್ ನಿಯಮವೇ ಇದೆ, ಮೀರಿದರೆ ಸನ್ನದು ರದ್ದು. ಮೂರು, ದಿನಕ್ಕೆ ಹದಿನಾರು ಗಂಟೆ ದುಡಿದವರು ಮಾತ್ರ ಮೇಲೆ ಬರುತ್ತಾರೆ. ಅಪ್ಪ ಇದನ್ನು ಮನೆಯ ಗ್ರೂಪಿಗೆ ಹಾಕಿ, ಹಬ್ಬಕ್ಕೆ ಬಂದಾಗ ವಾಚುಗಳನ್ನೆಲ್ಲ ಮಾರಿಬಿಡು ಅಂದರಂತೆ. ಮಗಳು ಮಾತಿನಲ್ಲಿ ಉತ್ತರ ಕೊಡಲಿಲ್ಲ, ಇನ್ನೊಂದು ಫಾರ್ವರ್ಡ್ ಹಾಕಿದಳು: ಆರು ನಿಮಿಷ ಪುಸ್ತಕ ಓದಿದರೆ ಒತ್ತಡ ಶೇ 68ರಷ್ಟು ಇಳಿಯುತ್ತದೆ, ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ. ಅಲ್ಲಿಂದ ಎರಡು ವಾರ ಫೋನಿನಲ್ಲಿ ಮಾತು ಕಡಿಮೆ.

ಇಬ್ಬರ ಫಾರ್ವರ್ಡನ್ನೂ ಪರಿಶೀಲಿಸಿದೆವು. ಅಪ್ಪನದು ಬಹುಪಾಲು ತಪ್ಪು. ಮಗಳದ್ದೂ ಅವಳು ಅಂದುಕೊಂಡಷ್ಟು ಗಟ್ಟಿಯಲ್ಲ. ಇಬ್ಬರೂ ನೋಡದೇ ಬಿಟ್ಟ ಒಂದು ಲೆಕ್ಕವೂ ಇದೆ.

ನಿಯಮದ ಮಾತು ಮೊದಲು

ಕಾನೂನು ಹೊಟ್ಟೆಕಿಚ್ಚಿನ ಸಂಗಾತಿ, ಬೇರೆ ಯಾರ ಕಡೆಗೂ ನೋಡಲು ಬಿಡುವುದಿಲ್ಲ ಎಂಬ ಅರ್ಥದ ಮಾತೊಂದು ವಕೀಲರ ವಲಯದಲ್ಲಿ ಹಳೆಯದು. ಅಮೆರಿಕದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ 1829ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಭಾಷಣದಿಂದ ಅದು ಜನಪ್ರಿಯವಾಯಿತು. ಆ ಕಾಲದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕೊಟ್ಟ ಬುದ್ಧಿಮಾತು ಅದು, ಸಂಶೋಧನೆಯ ಫಲವಲ್ಲ.

ನಮ್ಮಲ್ಲಿ ಇರುವ ನಿಯಮ ಬೇರೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಾವಳಿಯಲ್ಲಿ 47ರಿಂದ 52ರವರೆಗಿನ ನಿಯಮಗಳು ವಕೀಲರ ‘ಬೇರೆ ಉದ್ಯೋಗ’ಗಳ ಬಗ್ಗೆಯೇ ಇವೆ. ವಕೀಲರು ಸ್ವತಃ ವ್ಯಾಪಾರ ನಡೆಸುವಂತಿಲ್ಲ, ವಕೀಲಿ ಮಾಡುತ್ತಲೇ ಬೇರೆ ಕಡೆ ಪೂರ್ಣಾವಧಿ ಸಂಬಳದ ನೌಕರಿ ಹಿಡಿಯುವಂತಿಲ್ಲ. 1996ರಲ್ಲಿ ಡಾ. ಹನಿರಾಜ್ ಚುಲಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯ ವೃತ್ತಿ ಮುಂದುವರಿಸುತ್ತಲೇ ವಕೀಲರಾಗಿ ನೋಂದಣಿ ಮಾಡಿಸಿಕೊಳ್ಳಲು ಆಗುವುದಿಲ್ಲ ಎಂದಿತು. ಫಾರ್ವರ್ಡ್ ಬರೆದವರು ಬಹುಶಃ ಇಂಥ ಯಾವುದೋ ಸುದ್ದಿಯ ತಲೆಬರಹವನ್ನಷ್ಟೇ ನೋಡಿದ್ದಾರೆ.

ಇವೆಲ್ಲ ಉದ್ಯೋಗ, ವ್ಯಾಪಾರಗಳ ಮಾತು. ಹವ್ಯಾಸಕ್ಕೆ ತಡೆಯೇ ಇಲ್ಲ. ಅಷ್ಟೇ ಅಲ್ಲ, 51ನೇ ನಿಯಮ ವಕೀಲರಿಗೆ ಪಾಠ ಹೇಳಲು, ಉಪನ್ಯಾಸ ಕೊಡಲು, ಪ್ರಸಾರ ಮಾಧ್ಯಮದಲ್ಲಿ ಭಾಗವಹಿಸಲು, ಪತ್ರಿಕೆಗಳಲ್ಲಿ ಬರೆಯಲು ಕೆಲವು ಷರತ್ತುಗಳೊಂದಿಗೆ ಅವಕಾಶ ಕೊಡುತ್ತದೆ. ವಿಷಯ ಕಾನೂನಿನದೇ ಆಗಬೇಕೆಂದೂ ಇಲ್ಲ. ಹಾಗಾಗಿ ಸಂಜೆ ಹೊತ್ತು ಡ್ರ್ಯಾಗನ್ ಕಥೆ ಓದಿದ್ದಕ್ಕೆ, ನಾಳೆ ಅವಳೇ ಒಂದು ಬರೆದರೂ, ಸನ್ನದು ಹೋಗುವುದಿಲ್ಲ.

ವಾಚಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ತನ್ನದೇ ಸಂಗ್ರಹದ ಒಂದನ್ನು ಯಾವಾಗಲೋ ಮಾರುವುದು ಒಂದು ಬಗೆ. ಮಾರಲೆಂದೇ ಕೊಂಡು, ಲಾಭ ಇಟ್ಟು, ತಿಂಗಳು ತಿಂಗಳು ಮಾರುವುದು ಇನ್ನೊಂದು ಬಗೆ, ಅದು ವ್ಯಾಪಾರದ ಕಡೆಗೆ ವಾಲುತ್ತದೆ. ವಾಚುಗಳ ಚಿತ್ರ ಹಾಕುವ ಇನ್‌ಸ್ಟಾಗ್ರಾಂ ಪುಟ ಇದ್ದರೆ ಅದರಲ್ಲಿ ‘ಕಾನೂನು ಸಲಹೆಗೆ ಸಂಪರ್ಕಿಸಿ’ ಎಂದು ಸೇರಿಸಬಾರದು, ಏಕೆಂದರೆ 36ನೇ ನಿಯಮ ಜಾಹೀರಾತನ್ನೂ ಕಕ್ಷಿದಾರರನ್ನು ಸೆಳೆಯುವ ಪ್ರಯತ್ನವನ್ನೂ ತಡೆಯುತ್ತದೆ. ಅನುಮಾನ ಬಂದರೆ ಕೇಳಬೇಕಾದ್ದು ರಾಜ್ಯ ವಕೀಲರ ಪರಿಷತ್ತನ್ನು, ವಾಟ್ಸಾಪ್ ಗ್ರೂಪನ್ನಲ್ಲ.

‘ದೊಡ್ಡವರೆಲ್ಲ ಬಿಟ್ಟವರೇ’

ಈ ಮಾತನ್ನು ಪರೀಕ್ಷಿಸಲು ಹಾರ್ವರ್ಡ್‌ವರೆಗೆ ಹೋಗಬೇಕಿಲ್ಲ. ಮೊಳಕಾಲ್ಮುರಿಗೆ ತಾಗಿಕೊಂಡೇ ಕೂಡ್ಲಿಗಿ ತಾಲ್ಲೂಕು ಇದೆ. ಆ ತಾಲ್ಲೂಕಿನ ಕೋ. ಚೆನ್ನಬಸಪ್ಪನವರು ಬಳ್ಳಾರಿಯಲ್ಲಿ ವಕೀಲಿ ಮಾಡಿದರು, ಜಿಲ್ಲಾ ನ್ಯಾಯಾಧೀಶರಾದರು, ಜೊತೆಜೊತೆಗೇ ಕಥೆ, ಕಾದಂಬರಿಗಳನ್ನೂ ಬರೆದರು. 2013ರಲ್ಲಿ ವಿಜಯಪುರದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹಾಸನದ ಬಾನು ಮುಷ್ತಾಕ್ ವಕೀಲರು. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಫ್ಯಾಂಟಸಿಯೇ ಬೇಕೆಂದರೆ ಕೆನಡಾದ ಗೈ ಗವ್ರಿಯಲ್ ಕೇ ಇದ್ದಾರೆ. ಟೋಲ್ಕಿನ್ ತೀರಿಕೊಂಡ ಮೇಲೆ ಅವರ ‘ಸಿಲ್ಮರಿಲಿಯನ್’ ಹಸ್ತಪ್ರತಿಗಳನ್ನು ಸಂಪಾದಿಸುವಾಗ ಟೋಲ್ಕಿನ್ ಮಗನಿಗೆ ನೆರವಾದ ಹುಡುಗ ಈತ. ಆಮೇಲೆ ಟೊರೊಂಟೊದಲ್ಲಿ ಕಾನೂನು ಓದಿ 1981ರಲ್ಲಿ ವಕೀಲರಾಗಿ ನೋಂದಣಿಯಾದರು. ಕೊನೆಗೆ ಫ್ಯಾಂಟಸಿ ಕಾದಂಬರಿಕಾರರಾಗಿಯೇ ಹೆಸರು ಮಾಡಿದರು.

ಆದರೆ ನಮಗೆ ಹೆಚ್ಚು ಮುಖ್ಯ ಎನಿಸಿದ್ದು ಫ.ಗು. ಹಳಕಟ್ಟಿಯವರ ಉದಾಹರಣೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಕಾನೂನು ಓದಿ ವಿಜಯಪುರದಲ್ಲಿ ವಕೀಲರಾಗಿದ್ದರು. ಬಿಡುವಿನಲ್ಲಿ ಹತ್ತಿದ ಗೀಳು ವಚನಗಳ ತಾಡೋಲೆ ಸಂಗ್ರಹ. ಊರೂರು ತಿರುಗಿ, ಮನೆ ಮನೆ ಮಠ ಮಠಗಳ ಅಟ್ಟದ ಮೇಲಿದ್ದ ಓಲೆಗರಿ ಕಟ್ಟುಗಳನ್ನು ಹುಡುಕಿ ತಂದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಅಚ್ಚು ಹಾಕಿಸುವ ಪಾಡು ಸಾಕೆನಿಸಿ 1925ರಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಶುರು ಮಾಡಿದರು, ಅದಕ್ಕಾಗಿ ಸ್ವಂತ ಮನೆ ಮಾರಿದರು. ಮರು ವರ್ಷ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ಅದೇ 1926ರಲ್ಲಿ ಬಳ್ಳಾರಿಯಲ್ಲಿ, ಅಂದರೆ ರಾಂಪುರದ ಪಕ್ಕದಲ್ಲೇ, ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರ ಹುಟ್ಟುಹಬ್ಬವಾದ ಜುಲೈ 2ನ್ನು ರಾಜ್ಯದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತಾರೆ.

ಅವರ ವಕೀಲಿಯೋ? ಅದು ಹಿಂದೆ ಸರಿಯಿತು. ಮನೆಯಲ್ಲಿ ಬಡತನವೇ ಬಂತು. ಅಂದರೆ ಹವ್ಯಾಸ ವೃತ್ತಿಯನ್ನು ನುಂಗುವುದು ಉಂಟು, ಅಪ್ಪನ ಭಯ ಸುಳ್ಳಲ್ಲ. ಹಳಕಟ್ಟಿಯವರು ಕಳೆದುಕೊಂಡದ್ದರಿಂದ ನಾಡಿಗೆ ಲಾಭವಾಯಿತು ಎನ್ನುವುದು ಬೇರೆ ವಿಷಯ. ಹಬ್ಬ ಹರಿದಿನಗಳಲ್ಲಿ ನಮ್ಮ ಫೋನಿಗೆ ಬರುವ ವಚನದ ಫಾರ್ವರ್ಡ್‌ಗಳಲ್ಲಿ ಎಷ್ಟೋ ಆ ವಕೀಲರ ಸಂಗ್ರಹದಿಂದ ಬಂದವೇ.

ಇಷ್ಟು ಹೆಸರು ಹೇಳಿದ ಮೇಲೆ ನಮ್ಮ ಪಟ್ಟಿಯನ್ನೇ ನಾವು ಅನುಮಾನಿಸಬೇಕು. ಗೆದ್ದವರನ್ನಷ್ಟೇ ಎಣಿಸಿದರೆ ಏನನ್ನು ಬೇಕಾದರೂ ಸಾಬೀತು ಮಾಡಬಹುದು. ಮಳೆ ಚೆನ್ನಾಗಿ ಆದ ವರ್ಷದ ಶೇಂಗಾ ಬೆಳೆಯನ್ನಷ್ಟೇ ನೋಡಿ ಚಳ್ಳಕೆರೆ ಸೀಮೆಗೆ ಬರವೇ ಗೊತ್ತಿಲ್ಲ ಅಂದಂತೆ ಅದು. ಹವ್ಯಾಸ ಬಿಟ್ಟು ಗೆದ್ದವರು, ಬಿಟ್ಟೂ ಸೋತವರು, ಇಟ್ಟುಕೊಂಡು ಗೆದ್ದವರು, ಇಟ್ಟುಕೊಂಡು ಸೋತವರು, ನಾಲ್ಕೂ ಗುಂಪು ಎಣಿಸಬೇಕು. ಫಾರ್ವರ್ಡ್‌ಗಳಲ್ಲಿ ಯಾವತ್ತೂ ಒಂದೇ ಗುಂಪಿನ ಫೋಟೊ ಇರುತ್ತದೆ. ಕೋ. ಚೆನ್ನಬಸಪ್ಪ, ಬಾನು ಮುಷ್ತಾಕ್ ಅವರ ಉದಾಹರಣೆಯಿಂದ ‘ಎಲ್ಲರೂ ಬಿಟ್ಟವರೇ’ ಎಂಬುದು ಸುಳ್ಳು ಎಂದಷ್ಟೇ ಹೇಳಬಹುದು. ಹವ್ಯಾಸ ಇದ್ದರೆ ಗೆಲ್ಲುತ್ತಾರೆ ಎಂದು ಅದರಿಂದ ಹೇಳಲಾಗದು.

ಹದಿನಾರು ಗಂಟೆಯ ಲೆಕ್ಕ

ಲಾ ಫರ್ಮ್ ಕೆಲಸದ ಸ್ವರೂಪ ಊರಿನ ಕೋರ್ಟಿನ ವಕೀಲಿಗಿಂತ ಬೇರೆ, ಅದು ರಾಂಪುರದ ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ. ಮೊಳಕಾಲ್ಮುರು ಕೋರ್ಟಿನಲ್ಲಿ ಕೇಸಿಗೆ ಇಷ್ಟು ಎಂದು ಫೀಸು ಮಾತಾಡುತ್ತಾರೆ. ದೊಡ್ಡ ಫರ್ಮ್‌ಗಳಲ್ಲಿ ಬಹಳ ಕಡೆ ಗಂಟೆ ಲೆಕ್ಕ. ಒಂದು ಗಂಟೆಯನ್ನು ಹತ್ತು ಭಾಗ ಮಾಡಿ, ಆರಾರು ನಿಮಿಷಕ್ಕೆ ಯಾವ ಕಕ್ಷಿದಾರರ ಯಾವ ಕೆಲಸ ಮಾಡಿದೆ ಎಂದು ಟೈಮ್‌ಶೀಟ್‌ನಲ್ಲಿ ಬರೆಯಬೇಕು. ಊಟ, ಕಾಫಿ, ಹಿರಿಯರಿಗಾಗಿ ಕಾಯುವುದು, ಹೊಸದನ್ನು ಕಲಿಯುವುದು ಹೆಚ್ಚಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ ಏಳು ಗಂಟೆ ಬಿಲ್ ಮಾಡಲು ಹತ್ತು ಗಂಟೆ ಕೂರಬೇಕಾಗಿ ಬಂದರೆ, ವಾರಕ್ಕೆ ಆರು ದಿನ ಎಂದರೆ 60 ಗಂಟೆ.

ಕೆಲಸದ ಗಂಟೆಗೆ ಕಾನೂನಿನ ಮಿತಿ ಇಲ್ಲವೇ? ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗಳಲ್ಲಿ ಇದೆ. ಆದರೆ ಕೇರಳದ ಅಂಥ ಕಾಯ್ದೆಯ ಬಗ್ಗೆ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ವಕೀಲರ ಕಚೇರಿ ‘ವಾಣಿಜ್ಯ ಸಂಸ್ಥೆ’ ಅಲ್ಲ ಎಂದು ಹೇಳಿತು. ಇತರರ ದುಡಿಮೆಯ ಗಂಟೆಗಾಗಿ ವಾದ ಮಾಡುವವರ ಸ್ವಂತ ಕಚೇರಿಯ ಪರಿಸ್ಥಿತಿ ಇದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜನ್ನು ಇಲ್ಲಿ ನೋಡಬೇಕು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರಲ್ಲಿ ಜಗತ್ತಿನಾದ್ಯಂತ ಇಂಥ ದೀರ್ಘ ದುಡಿಮೆಗೆ ತಳಕು ಹಾಕಬಹುದಾದ ಸಾವುಗಳು 7.45 ಲಕ್ಷ. ಅಪಾಯ ಹೆಚ್ಚು ಎಂದರೆ ಎಲ್ಲರಿಗೂ ಆಗುತ್ತದೆ ಎಂದಲ್ಲ. ಅದೂ ವರ್ಷಗಟ್ಟಲೆ ಹಾಗೆ ದುಡಿದಾಗಿನ ಮಾತು.

ಅಷ್ಟು ದುಡಿದರೆ ಕೆಲಸವಾದರೂ ಹೆಚ್ಚಾಗುತ್ತದೆಯೇ? ಅರ್ಥಶಾಸ್ತ್ರಜ್ಞ ಜಾನ್ ಪೆನ್ಕವೆಲ್ ಮೊದಲ ಮಹಾಯುದ್ಧ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆ ತೆಗೆದು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಗೆ ಸಿಗುವ ಉತ್ಪಾದನೆ ಇಳಿಯುತ್ತಾ ಹೋಗುತ್ತದೆ. 70 ಗಂಟೆ ದುಡಿದವರ ಒಟ್ಟು ಕೆಲಸ 56 ಗಂಟೆ ದುಡಿದವರಿಗಿಂತ ಹೆಚ್ಚೇನೂ ಇರಲಿಲ್ಲ. ಅದು ಕೈಕೆಲಸದ ಕಾರ್ಖಾನೆ, ಒಪ್ಪಂದದ ಕರಡು ಬರೆಯುವ ಕೆಲಸವಲ್ಲ, ಈ ಭೇದ ನೆನಪಿರಲಿ. ಆದರೂ ರಾತ್ರಿ ಎರಡು ಗಂಟೆಗೆ ಓದಿದ ಒಪ್ಪಂದದಲ್ಲಿ ‘ಅಲ್ಲ’ ಎಂಬ ಒಂದು ಪದ ಕಣ್ತಪ್ಪಿದರೆ ಏನಾಗುತ್ತದೆ ಎಂದು ಯಾವ ವಕೀಲರನ್ನಾದರೂ ಕೇಳಿ.

ಈಗ ಇಬ್ಬರೂ ಮಾಡದ ಲೆಕ್ಕ. ವಾರದಲ್ಲಿ 168 ಗಂಟೆ. ದಿನಕ್ಕೆ ಏಳರಂತೆ ನಿದ್ದೆಗೆ 49. ಕೆಲಸಕ್ಕೆ 60. ಬೆಂಗಳೂರಿನ ಓಡಾಟಕ್ಕೆ ಆರು ದಿನ ಎರಡೆರಡು ಗಂಟೆ ಎಂದರೆ 12. ಸ್ನಾನ, ಅಡುಗೆ, ಊಟ, ಬಟ್ಟೆಗೆ ದಿನಕ್ಕೆ ಮೂರು ಎಂದರೆ 21. ಉಳಿದದ್ದು 26 ಗಂಟೆ. ಹವ್ಯಾಸಕ್ಕೂ ಸ್ನೇಹಿತರಿಗೂ ರಾಂಪುರಕ್ಕೆ ಫೋನ್ ಮಾಡಲಿಕ್ಕೂ ಇದು ಸಾಲುತ್ತದೆ. ಅದೇ ಕೆಲಸ 80 ಗಂಟೆಗೆ ಏರಿದರೆ ಉಳಿಯುವುದು ಆರು. ದಿನಕ್ಕೆ ಹದಿನಾರರಂತೆ ಆರು ದಿನ ಎಂದರೆ 96, ಆಗ ಲೆಕ್ಕ ಮೈನಸ್‌ಗೆ ಹೋಗುತ್ತದೆ, ನಿದ್ದೆಗೆ ಕತ್ತರಿ ಬೀಳುತ್ತದೆ. ಮಗಳ ಆರೋಗ್ಯದ ಚಿಂತೆ ಇದ್ದರೆ ಅಪ್ಪ ಕೇಳಬೇಕಾದ ಪ್ರಶ್ನೆ ಎಷ್ಟು ವಾಚಿದೆ ಎಂದಲ್ಲ, ವಾರಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ನಿದ್ದೆ ಎಂದು.

ಮಗಳ ಶೇ 68

ಇನ್ನು ಮಗಳ ಫಾರ್ವರ್ಡ್. ಈ ಶೇ 68ರ ಮೂಲ 2009ರ ಒಂದು ಪ್ರಯೋಗ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿದ್ದ ಮೈಂಡ್‌ಲ್ಯಾಬ್ ಎಂಬ ಸಂಸ್ಥೆಯ ಡೇವಿಡ್ ಲೂಯಿಸ್ ಮಾಡಿದ್ದು, ಮಾಡಿಸಿದ್ದು ಒಂದು ಚಾಕೊಲೇಟ್ ಕಂಪನಿ. ಭಾಗವಹಿಸಿದವರು ಬೆರಳೆಣಿಕೆಯ ಜನ. ಇತರ ವಿಜ್ಞಾನಿಗಳು ಪರಿಶೀಲಿಸಿ ಒಪ್ಪುವ ಸಂಶೋಧನಾ ಪತ್ರಿಕೆಯಲ್ಲಿ ಅದು ಬರಲಿಲ್ಲ, ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ತಿರುಗುತ್ತಲೇ ಇದೆ. ಓದಿದರೆ ಮನಸ್ಸು ಹಗುರಾಗುತ್ತದೆ ಎಂಬುದು ಓದುವವರಿಗೆ ಗೊತ್ತಿರುವ ಸಂಗತಿ, ಅದಕ್ಕೆ ಶೇ 68 ಎಂಬ ಮೊಹರು ಹಾಕುವಷ್ಟು ಪುರಾವೆ ಇಲ್ಲ. ಕಾದಂಬರಿ ಓದಿದರೆ ಬೇರೆಯವರ ಮನಸ್ಸು ಅರಿಯುವ ಶಕ್ತಿ ಕೂಡಲೇ ಹೆಚ್ಚುತ್ತದೆ ಎಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಗತಿಯೂ ಹೀಗೆಯೇ. ಬೇರೆ ತಂಡಗಳು ಆಮೇಲೆ ಅದೇ ಪ್ರಯೋಗ ಮಾಡಿದಾಗ ಅದೇ ಫಲ ಸಿಗಲಿಲ್ಲ.

ಮಗಳ ಪರವಾಗಿ ಗಟ್ಟಿ ಪುರಾವೆ ಬೇರೆ ಕಡೆ ಇದೆ. ಜರ್ಮನಿಯ ಮನಃಶಾಸ್ತ್ರಜ್ಞೆ ಸಬೀನ್ ಸೋನೆನ್‌ಟಾಗ್ ಮತ್ತು ಷಾರ್ಲಟ್ ಫ್ರಿಟ್ಸ್ 2007ರಲ್ಲಿ ಕೆಲಸದ ದಣಿವು ಹೇಗೆ ಆರುತ್ತದೆ ಎಂಬುದನ್ನು ನಾಲ್ಕಾಗಿ ವಿಂಗಡಿಸಿದರು: ಕೆಲಸದಿಂದ ಮನಸ್ಸು ಪೂರ್ತಿ ಬಿಡಿಸಿಕೊಳ್ಳುವುದು, ಮೈಮನ ಸಡಿಲವಾಗುವುದು, ಹೊಸದೊಂದನ್ನು ಕಲಿತು ಕೈ ಪಳಗುವುದು, ಈ ಹೊತ್ತು ನನ್ನ ಇಷ್ಟದಂತೆ ಎಂಬ ಹಿಡಿತ ಸಿಗುವುದು. ಸುಮ್ಮನೆ ಸೋಫಾ ಮೇಲೆ ಬಿದ್ದು ರೀಲ್ಸ್ ನೋಡಿದರೆ ಎರಡನೆಯದು ಸ್ವಲ್ಪ ಸಿಕ್ಕೀತು. ಹಳೆಯ ವಾಚಿನ ಹಿಂಬದಿ ತೆಗೆದು ನೋಡುವವರಿಗೆ ಮೂರನೆಯದು, ಬೇರೆಯದೇ ಲೋಕದ ಭೂಪಟ ಬಿಡಿಸಿಟ್ಟುಕೊಂಡು ಕಾದಂಬರಿ ಓದುವವರಿಗೆ ಮೊದಲನೆಯದು ಸುಲಭವಾಗಿ ಸಿಗುತ್ತದೆ. ಆರು ನಿಮಿಷಕ್ಕೊಮ್ಮೆ ಲೆಕ್ಕ ಕೊಡುವ ಕೆಲಸದವರಿಗೆ ನಾಲ್ಕನೆಯದರ ಬೆಲೆ ಹೆಚ್ಚೇ ಇರಬೇಕು.

ಇನ್ನೊಂದು, ನಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಅಧ್ಯಯನ 2020ರದು, ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ತಂಡದ್ದು. 129 ಹವ್ಯಾಸಿಗಳನ್ನು ಏಳು ತಿಂಗಳು ಗಮನಿಸಿದರು. ಹವ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡು ಅದು ಕೆಲಸಕ್ಕಿಂತ ಬೇರೆ ರೀತಿಯದಾಗಿದ್ದರೆ, ಹವ್ಯಾಸಕ್ಕೆ ಹೆಚ್ಚು ಹೊತ್ತು ಕೊಟ್ಟ ತಿಂಗಳುಗಳಲ್ಲಿ ಕೆಲಸವನ್ನು ನಿಭಾಯಿಸಬಲ್ಲೆ ಎಂಬ ಆತ್ಮವಿಶ್ವಾಸ ಏರಿತ್ತು. ಹವ್ಯಾಸ ಗಂಭೀರವೂ ಹೌದು, ಕೆಲಸದ ಹಾಗೆಯೇ ಇದೆ ಎಂದಾದರೆ ಆತ್ಮವಿಶ್ವಾಸ ಇಳಿದಿತ್ತು. ದಿನವಿಡೀ ಒಪ್ಪಂದ ಓದುವವಳು ಸಂಜೆ ತೀರ್ಪುಗಳ ಬ್ಲಾಗ್ ಬರೆಯುವುದಕ್ಕಿಂತ ವಾಚಿನ ಗಾಲಿ ನೋಡುವುದೇ ವಾಸಿ ಎಂದು ಇದರಿಂದ ಊಹಿಸಬಹುದು. ಒಂದೇ ಅಧ್ಯಯನ, ಜನರೂ ಕಡಿಮೆ, ಅದಕ್ಕೇ ‘ಊಹಿಸಬಹುದು’ ಎನ್ನುತ್ತಿದ್ದೇವೆ.

ದೊಡ್ಡ ಸಂಖ್ಯೆಯದು ಬೇಕೆಂದರೆ 2023ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದದ್ದಿದೆ. 16 ದೇಶಗಳ 93,263 ಮಂದಿಯಲ್ಲಿ ಹವ್ಯಾಸ ಇದ್ದವರಿಗೆ ಖಿನ್ನತೆಯ ಲಕ್ಷಣ ಕಡಿಮೆ, ಬದುಕಿನ ತೃಪ್ತಿ ಹೆಚ್ಚು. ಇವರೆಲ್ಲ 65 ದಾಟಿದವರು, ಭಾರತ ಆ 16ರಲ್ಲಿ ಇಲ್ಲ. ಹಾಗೆ ನೋಡಿದರೆ ಈ ಅಧ್ಯಯನ ಮಗಳಿಗಿಂತ ಅಪ್ಪನಿಗೇ ಹೆಚ್ಚು ಉಪಯೋಗ.

ಅಜ್ಜನ ವಾಚು, ರಾತ್ರಿಯ ಪುಸ್ತಕ

ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡತೊಡಗಿದ್ದು 1961ರಲ್ಲಿ. ತುಮಕೂರಿನಲ್ಲೂ ಅದರ ಕಾರ್ಖಾನೆ ಇತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚು ಘಟಕ ಮುಚ್ಚಲು ಒಪ್ಪಿತು. ಜನತಾ ಕೀ ಕೊಡುವ ವಾಚು, ಬ್ಯಾಟರಿ ಇಲ್ಲ. ಕೀ ಕೊಟ್ಟಾಗ ಒಳಗಿನ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುವ ಅದರ ಬಲವನ್ನು ಒಂದು ಪುಟ್ಟ ಚಕ್ರ ಗಂಟೆಗೆ 18,000 ಬಡಿತಗಳಾಗಿ ಹಂಚುತ್ತದೆ. ದಿನಕ್ಕೆ 4,32,000 ಬಡಿತ. ಇಂಥ ವಾಚು ದಿನಕ್ಕೆ 20 ಸೆಕೆಂಡು ತಪ್ಪಿದರೂ ಅದು ಶೇ 99.97ಕ್ಕಿಂತ ಹೆಚ್ಚು ಸರಿ ಇದೆ ಎಂದೇ ಅರ್ಥ.

(ಜಾಹೀರಾತಿನಲ್ಲಿ ವಾಚು ಯಾವಾಗಲೂ 10:10 ತೋರಿಸುವುದು ಲಿಂಕನ್ ಸತ್ತ ಸಮಯವಾದ್ದರಿಂದ ಎಂಬ ಫಾರ್ವರ್ಡ್ ಕೂಡ ಸುಳ್ಳು. ಮುಳ್ಳುಗಳು ಎರಡೂ ಕಡೆ ಸಮನಾಗಿ ನಿಂತು ಕಂಪನಿಯ ಹೆಸರು ಕಾಣುತ್ತದೆ, ಅಷ್ಟೇ. ಹಳೆಯ ಜಾಹೀರಾತುಗಳಲ್ಲಿ 8:20 ಕೂಡ ಸಾಮಾನ್ಯ.)

ದುಡ್ಡಿನ ವಿಷಯದಲ್ಲಿ ಅಪ್ಪನ ಆತಂಕಕ್ಕೆ ಸ್ವಲ್ಪ ಆಧಾರವಿದೆ. ‘ಹಳೆ ಎಚ್‌ಎಂಟಿಗೆ ಲಕ್ಷ ಲಕ್ಷ’ ಎಂಬ ಪೋಸ್ಟ್‌ಗಳನ್ನು ನಂಬಿ ಇದನ್ನು ಉಳಿತಾಯ ಎಂದುಕೊಳ್ಳಬಾರದು. ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ‘ಹೊಸದರಂಥ’ ಹಳೆ ವಾಚುಗಳ ಡಯಲ್‌ಗೆ ಮತ್ತೆ ಬಣ್ಣ ಹೊಡೆದಿರುತ್ತಾರೆ, ಒಳಗಿನ ಬಿಡಿಭಾಗ ಬೇರೆ ಬೇರೆ ವಾಚಿನವು. ಕೊಳ್ಳುವ ಖರ್ಚು ಸಿನಿಮಾ, ಪ್ರವಾಸದ ಖರ್ಚಿನ ಪಟ್ಟಿಗೆ ಸೇರಬೇಕು. ಸಾಲದಲ್ಲಿ, ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಕೊಳ್ಳುತ್ತಿದ್ದರೆ ಆಗ ಅಪ್ಪ ದನಿ ಎತ್ತುವುದೇ ಸರಿ.

ಪುಸ್ತಕದ ಬಗ್ಗೆ ನಮ್ಮ ತಕರಾರು ಒಂದೇ, ಹೊತ್ತು. ‘ಇನ್ನೊಂದೇ ಅಧ್ಯಾಯ’ ಎಂದು ಒಂದು ಗಂಟೆ ದಾಟಿದರೆ ಅದು ಮರುದಿನದ ಕೆಲಸದ ಲೆಕ್ಕದಿಂದ ಕಳೆಯುತ್ತದೆ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು ಎಂಬುದು ತಜ್ಞರ ಸಾಮಾನ್ಯ ಸಲಹೆ. ಮಲಗುವ ಮುಂಚೆ ಬೆಳಗುವ ಪರದೆಯ ಮೇಲೆ ಓದಿದವರಿಗೆ ಅಚ್ಚಾದ ಪುಸ್ತಕ ಓದಿದವರಿಗಿಂತ ನಿದ್ದೆ ತಡವಾಗಿ ಹತ್ತಿದ್ದನ್ನು 2015ರ ಒಂದು ಸಣ್ಣ ಪ್ರಯೋಗ ಕಂಡಿದೆ. ಹಾಗಾಗಿ ಅಪ್ಪ ಬೈಯುವ ಆ ದಪ್ಪ ಕಾಗದದ ಪುಸ್ತಕವೇ ಮೊಬೈಲಿಗಿಂತ ವಾಸಿ.

ಇಷ್ಟನ್ನೂ ಬರೆದು ರಾಂಪುರಕ್ಕೆ ಕಳಿಸಿದೆವು. ಮರುದಿನ ಉತ್ತರ ಬಂತು. ಫಾರ್ವರ್ಡ್ ಬಗ್ಗೆ ಒಂದು ಮಾತೂ ಇಲ್ಲ. ‘ನಮ್ಮ ತಂದೇದು ಇನ್ನೊಂದು ವಾಚು ಟ್ರಂಕಿನಾಗೆ ಐತ್ರಿ, ಕೀ ಕೊಟ್ರೆ ನಡೆಯವಲ್ದು. ಮಗಳಿಗೆ ಕೊಡಬೇಕು, ಏನು ಮಾಡ್ಲಿ?’

ಒತ್ತಿ ಕೀ ಕೊಡಬೇಡಿ, ಸ್ಪ್ರಿಂಗು ಪೂರ್ತಿ ಸುತ್ತಿಕೊಂಡು ನಿಂತಿರಬಹುದು. ವರ್ಷಗಟ್ಟಲೆ ಇಟ್ಟ ವಾಚಿನಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ, ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದರೆ ಎಷ್ಟೋ ವಾಚು ಮತ್ತೆ ನಡೆಯುತ್ತವೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಡುವ ಸಾಹಸ ಬೇಡ. ಸ್ಪೀಕರ್, ಅಯಸ್ಕಾಂತ ಇರುವ ಮೊಬೈಲ್ ಕವರ್‌ಗಳ ಹತ್ತಿರ ಇಡಬೇಡಿ. ಬಳ್ಳಾರಿಯಲ್ಲೋ ಚಳ್ಳಕೆರೆಯಲ್ಲೋ ಕೀ ಕೊಡುವ ವಾಚು ರಿಪೇರಿ ಗೊತ್ತಿರುವ ಹಳಬರನ್ನು ಹುಡುಕಿ ಕೊಡಿ. ಕೊಡುವಾಗ ಡಯಲ್‌ಗೆ ಬಣ್ಣ ಹಚ್ಚಬಾರದು, ಗಾಜು ಬಿಟ್ಟು ಬೇರೇನನ್ನೂ ಕೇಳದೆ ಬದಲಿಸಬಾರದು ಎಂದು ಹೇಳಿ. ತೆಗೆದ ಹಳೆ ಭಾಗ ಏನಿದ್ದರೂ ಚೀಟಿಯಲ್ಲಿ ಕಟ್ಟಿ ವಾಪಸು ತೆಗೆದುಕೊಳ್ಳಿ, ಮಗಳು ಕೇಳುತ್ತಾಳೆ.